ದಾರಿಯಲ್ಲಿರುವ ಸರಕು

ಅಮೆರಿಕದ ಕೆಂಟಕಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಗಳಿದ್ದವು. 1950ರ ದಶಕದಲ್ಲಿ ಅಲ್ಲಿನ ಆಡಳಿತವನ್ನು ಒಂದು ಒಗಟು ಕಾಡುತ್ತಿತ್ತು. ಕೆಲವು ವರ್ಷ ಮೂರು-ನಾಲ್ಕು ಪಾಳಿ ನಡೆಸಿದರೂ ಮುಗಿಯದಷ್ಟು ಕೆಲಸ. ಅದಾದ ಕೆಲವೇ ವರ್ಷಕ್ಕೆ ಅರ್ಧ ಜನರನ್ನು ಮನೆಗೆ ಕಳಿಸಬೇಕಾದಷ್ಟು ಬರ. "ಮಾರುಕಟ್ಟೆ ಏರಿಳಿಯುತ್ತೆ, ನಾವೇನು ಮಾಡೋಣ" ಎಂಬ ಉತ್ತರ ಸಿದ್ಧವಿತ್ತು. ಅದು ಪೂರ್ತಿ ಗಂಟಲಿಗೆ ಇಳಿಯುತ್ತಿರಲಿಲ್ಲ ಅಷ್ಟೆ.

ಕಂಪ್ಯೂಟರ್ ಎಂಜಿನಿಯರಿಂಗ್ ಬಿಟ್ಟು 1956ರಲ್ಲಿ ಎಂಐಟಿಯ ಮ್ಯಾನೇಜ್‌ಮೆಂಟ್ ಶಾಲೆಗೆ ಬಂದಿದ್ದ ಜೇ ಫಾರೆಸ್ಟರ್, ಆ ಕಾರ್ಖಾನೆಗಳ ಆಡಳಿತದವರ ಜೊತೆ ಕೂತು, ಜನರನ್ನು ಯಾವಾಗ ಕೆಲಸಕ್ಕೆ ತೆಗೆದುಕೊಳ್ಳುತ್ತೀರಿ, ದಾಸ್ತಾನು ಎಷ್ಟಕ್ಕೆ ಇಳಿದರೆ ಆರ್ಡರ್ ಹಾಕುತ್ತೀರಿ ಎಂದೆಲ್ಲ ಕೇಳಿ ಬರೆದುಕೊಂಡರು. ಆಮೇಲೆ ನೋಟ್‌ಬುಕ್ಕಿನ ಹಾಳೆಯೊಂದರ ಮೇಲೆ ದಾಸ್ತಾನು, ಕೆಲಸಗಾರರು, ಆರ್ಡರ್ ಎಂದು ಕಾಲಂ ಎಳೆದು, ಪೆನ್ಸಿಲ್ ಹಿಡಿದು ಲೆಕ್ಕ ಹಾಕುತ್ತಾ ಹೋದರು. ಹೊರಗಿನಿಂದ ಬರುವ ಆರ್ಡರ್ ಒಂದೇ ಸಮನಾಗಿದ್ದರೂ ಕೆಲಸಗಾರರ ಸಂಖ್ಯೆ ಏರುತ್ತಿತ್ತು, ಇಳಿಯುತ್ತಿತ್ತು. ಮಾರುಕಟ್ಟೆಯನ್ನು ಬೈಯಬೇಕಾದ ಅಗತ್ಯವೇ ಇರಲಿಲ್ಲ. ತೀರ್ಮಾನ ತೆಗೆದುಕೊಳ್ಳುವ ನಿಯಮಗಳೂ ಅವುಗಳ ನಡುವಿನ ವಿಳಂಬವೂ ಸೇರಿ ಅಲೆಯನ್ನು ಎಬ್ಬಿಸುತ್ತಿದ್ದವು. 1958ರಲ್ಲಿ ಫಾರೆಸ್ಟರ್ ಇದನ್ನು ಲೇಖನವಾಗಿ ಪ್ರಕಟಿಸಿದರು. ಸಪ್ಲೈ ಚೈನ್, ಅಂದರೆ ಪೂರೈಕೆ ಸರಪಳಿ, ಎಂಬ ಪದ ವ್ಯಾಪಕ ಬಳಕೆಗೆ ಬರುವುದಕ್ಕೂ ಮೊದಲೇ ಸಪ್ಲೈ ಚೈನಿನ ಮೂಲ ರೋಗ ಪತ್ತೆಯಾಗಿತ್ತು.

ಹೀಗೆ ಬಿಡಿ ಭಾಗಗಳ ಬದಲು ಇಡೀ ವ್ಯವಸ್ಥೆಯನ್ನು ನೋಡುವ ಸಿಸ್ಟಮ್ಸ್ ಥಿಂಕಿಂಗ್ ಎಂದರೆ ಎಲ್ಲವೂ ಎಲ್ಲದಕ್ಕೂ ಅಂಟಿಕೊಂಡಿದೆ ಎಂಬ ವೇದಾಂತ ಎಂದು ಹಲವರು ತಿಳಿದಿದ್ದಾರೆ. ಬಾಣಗಳು ತುಂಬಿದ ಒಂದು ಸ್ಲೈಡ್ ತೋರಿಸಿ, ತಲೆಯಾಡಿಸಿ, ಎಲ್ಲರೂ ಊಟಕ್ಕೆ ಏಳುತ್ತಾರೆ. ಪೂರೈಕೆ ಸರಪಳಿಯ ಮಟ್ಟಿಗೆ ಅದು ತುಂಬ ಕಟ್ಟುನಿಟ್ಟಾದ ಲೆಕ್ಕ. ಎಲ್ಲೆಲ್ಲಿ ಸರಕು ನಿಂತಿದೆ, ಎಲ್ಲೆಲ್ಲಿ ಹರಿಯುತ್ತಿದೆ, ಹರಿವಿನ ನಲ್ಲಿಯನ್ನು ಯಾರು ಯಾವ ಸಂಖ್ಯೆ ನೋಡಿ ತಿರುಗಿಸುತ್ತಾರೆ, ತಿರುಗಿಸಿದ ಫಲ ಕಾಣಲು ಎಷ್ಟು ದಿನ ಬೇಕು: ಇಷ್ಟೇ ಪ್ರಶ್ನೆ. ಇವುಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಕೊನೆಯದು. ಆರ್ಡರ್ ಹಾಕಿಯಾಗಿದೆ, ಸರಕು ಇನ್ನೂ ಬಂದಿಲ್ಲ. ಆ ನಡುವಿನ ಸರಕು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಲೆಕ್ಕಕ್ಕೂ ಸಿಗುವುದಿಲ್ಲ.

ಹಾಳೆಯ ಮೇಲೆ ಮಾಡಿಯೇ ನೋಡಬಹುದು. ಒಂದು ಗೋದಾಮು, ಒಂದು ವಸ್ತು. ಪ್ರತಿ ವಾರ 100 ಮಾರಾಟ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇವತ್ತು ಹಾಕಿದ ಆರ್ಡರ್ ಬರಲು ನಾಲ್ಕು ವಾರ. ಗುರಿ ದಾಸ್ತಾನು 300. ಯಾವುದೋ ಕಾರಣಕ್ಕೆ, ಒಂದು ಲೋಡ್ ಒದ್ದೆಯಾಯಿತು ಎಂದೇ ಇಟ್ಟುಕೊಳ್ಳಿ, ದಾಸ್ತಾನು 240ಕ್ಕೆ ಇಳಿದಿದೆ. ಪ್ಲಾನರ್ ಪ್ರತಿ ವಾರ ಶೆಲ್ಫ್ ನೋಡುತ್ತಾನೆ: ಮಾರಾಟದ 100, ಜೊತೆಗೆ ಕೊರತೆಯ 60, ಒಟ್ಟು 160ಕ್ಕೆ ಆರ್ಡರ್. ನ್ಯಾಯವಾಗಿಯೇ ಇದೆ. ಹಿಂದೆ ಹಾಕಿದ್ದ 100 ಬಂದು, 100 ಮಾರಾಟವಾಗಿ, ಎರಡನೇ ವಾರವೂ ಶೆಲ್ಫಿನಲ್ಲಿ 240, ಮತ್ತೆ 160. ಮೂರನೇ ವಾರ, ನಾಲ್ಕನೇ ವಾರ ಅದೇ ಕತೆ. ಐದನೇ ವಾರ ಮೊದಲ 160 ಬಂದು ದಾಸ್ತಾನು ಸರಿಯಾಗಿ 300 ಆಗುತ್ತದೆ. ಪ್ಲಾನರ್‌ಗೆ ನಿರಾಳ. ಆದರೆ ಇನ್ನೂ ಮೂರು 160ಗಳು ದಾರಿಯಲ್ಲಿವೆ. ಎಂಟನೇ ವಾರಕ್ಕೆ ದಾಸ್ತಾನು 480. ಏರುವುದು ಕಂಡಾಗಲೇ ಗಾಬರಿಬಿದ್ದು ಆರ್ಡರ್ ನಿಲ್ಲಿಸಿದ್ದಾನೆ, ಏಳನೇ ವಾರದಿಂದ ಹತ್ತನೇ ವಾರದವರೆಗೆ ಆರ್ಡರ್ ಸೊನ್ನೆ. ಅದರ ಫಲ ಹದಿನಾಲ್ಕನೇ ವಾರ ಕಾಣಿಸುತ್ತದೆ: ಶೆಲ್ಫಿನಲ್ಲಿ 20. ಹದಿನೈದನೇ ವಾರದ ಕೊನೆಗೆ ಶೆಲ್ಫ್ ಪೂರ್ತಿ ಖಾಲಿ. ಆಗ ಹೆದರಿ ಹಾಕಿದ 380, 400, 320ರ ಆರ್ಡರ್‌ಗಳೆಲ್ಲ ಒಂದರ ಹಿಂದೊಂದು ಬಂದಿಳಿದು, ಇಪ್ಪತ್ತೊಂದನೇ ವಾರಕ್ಕೆ ದಾಸ್ತಾನು 1100.

ಗ್ರಾಹಕ ಅಷ್ಟೂ ವಾರ ತಪ್ಪದೆ 100 ಒಯ್ದಿದ್ದಾನೆ. 60ರ ಕೊರತೆಯನ್ನು ತುಂಬಲು ಹೋಗಿ ಒಮ್ಮೆ ಸೊನ್ನೆ, ಒಮ್ಮೆ ಗುರಿಯ ಮೂರೂವರೆ ಪಟ್ಟಿಗೂ ಹೆಚ್ಚು. ಅಲೆ ತಣ್ಣಗಾಗುವ ಬದಲು ದೊಡ್ಡದಾಗುತ್ತಾ ಹೋಗುತ್ತದೆ. ತಲೆನೋವಿಗೆ ಮಾತ್ರೆ ನುಂಗಿ, ಹತ್ತು ನಿಮಿಷಕ್ಕೆ ಇಳಿಯಲಿಲ್ಲವೆಂದು ಇನ್ನೊಂದು, ಮತ್ತೆ ಹತ್ತು ನಿಮಿಷಕ್ಕೆ ಮತ್ತೊಂದು ನುಂಗಿದಂತೆ.

ಪರಿಹಾರ ಒಂದೇ ಒಂದು ಕಾಲಂ. "ದಾರಿಯಲ್ಲಿರುವುದು" ಎಂದು ಬರೆದು, ಆರ್ಡರ್ ಆಗಿ ಇನ್ನೂ ಬರದದ್ದನ್ನು ಅಲ್ಲಿ ತುಂಬಬೇಕು. ಈ ಉದಾಹರಣೆಯಲ್ಲಿ ಹೊಸ ಆರ್ಡರ್ ಹಾಕುವ ಮುಂಚೆ ದಾರಿಯಲ್ಲಿ ಇರಬೇಕಾದದ್ದು 300, ಅಂದರೆ ಮೂರು ವಾರದ್ದು. ಮೊದಲ ವಾರ 160 ಆರ್ಡರ್. ಎರಡನೇ ವಾರ ಶೆಲ್ಫಿನಲ್ಲಿ 60 ಕೊರತೆ, ದಾರಿಯಲ್ಲಿ 60 ಹೆಚ್ಚು. ಒಂದಕ್ಕೊಂದು ಹೊಡೆದುಹೋಗಿ ಆರ್ಡರ್ ಬರೀ 100. ಐದನೇ ವಾರ ದಾಸ್ತಾನು 300, ಕತೆ ಮುಗಿಯಿತು.

ಇಷ್ಟು ಸರಳವಾದದ್ದನ್ನು ಯಾರು ಮರೆಯುತ್ತಾರೆ ಎನಿಸಿದರೆ, ಎಂಐಟಿಯಲ್ಲೇ ಹುಟ್ಟಿದ ಬಿಯರ್ ಗೇಮ್ ನೋಡಬೇಕು. ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ನಾಲ್ಕು ಜನ ಸಾಲಾಗಿ ಕೂರುತ್ತಾರೆ. ಮಾತಾಡುವಂತಿಲ್ಲ, ಆರ್ಡರ್ ಚೀಟಿ ಮಾತ್ರ ದಾಟಿಸಬಹುದು. ಗ್ರಾಹಕರ ಬೇಡಿಕೆ ಮೊದಲು ವಾರಕ್ಕೆ 4 ಪೆಟ್ಟಿಗೆ, ಐದನೇ ವಾರದಿಂದ 8, ಆಮೇಲೆ ಕೊನೆವರೆಗೂ 8. ಅಷ್ಟೇ. ಎಂಐಟಿಯ ಜಾನ್ ಸ್ಟರ್ಮನ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಗಾರರ ತಂಡಗಳ ಸರಾಸರಿ ವೆಚ್ಚ, ಸಾಧ್ಯವಿದ್ದ ಕನಿಷ್ಠದ ಸುಮಾರು ಹತ್ತು ಪಟ್ಟಿತ್ತು. ದಾರಿಯಲ್ಲಿರುವ ಸರಕಿಗೆ ಜನ ಕೊಟ್ಟ ತೂಕ, ಕೊಡಬೇಕಾದದ್ದರ ಮೂರನೇ ಒಂದು ಭಾಗದಷ್ಟು. ಆಟ ಮುಗಿದ ಮೇಲೆ ಗ್ರಾಹಕರ ಬೇಡಿಕೆ ಹೇಗಿತ್ತೆಂದು ಊಹಿಸಿ ಗೆರೆ ಎಳೆಯಿರಿ ಎಂದರೆ ಬಹುಪಾಲು ಜನ ದೊಡ್ಡದೊಂದು ಅಲೆ ಬರೆಯುತ್ತಾರೆ. ತಾವೇ ಎಬ್ಬಿಸಿದ ಅಲೆಯನ್ನು ಗ್ರಾಹಕನ ತಲೆಗೆ ಕಟ್ಟುತ್ತಾರೆ.

ದಾರಿಯ ಲೆಕ್ಕ ಸರಿ ಇಟ್ಟರೂ ಇನ್ನೊಂದು ಕಡೆಯಿಂದ ಅಲೆ ಏಳುತ್ತದೆ. ಕಳೆದ ವಾರದ ಮಾರಾಟದ ಮೂರು ಪಟ್ಟು ಸರಕು, ಕೈಯಲ್ಲಿರುವುದೂ ದಾರಿಯಲ್ಲಿರುವುದೂ ಸೇರಿ, ಸದಾ ಇರಬೇಕು ಎಂಬ ನಿಯಮ ಅಂಗಡಿಗೂ ಇದೆ, ಸಗಟು ವ್ಯಾಪಾರಿಗೂ ಇದೆ, ವಿತರಕನಿಗೂ ಇದೆ. ವಾರಕ್ಕೆ 100 ಇದ್ದ ಮಾರಾಟ 110 ಆಯಿತು. ಅಂಗಡಿಗೆ ಈಗ 330 ಬೇಕು, ಉಳಿದಿರುವುದು 190, ಆರ್ಡರ್ 140. ಸಗಟು ವ್ಯಾಪಾರಿಗೆ ಕಂಡದ್ದು 140ರ ಬೇಡಿಕೆ, ಅವನ ಲೆಕ್ಕದಲ್ಲಿ 420 ಬೇಕು, ಉಳಿದದ್ದು 160, ಆರ್ಡರ್ 260. ವಿತರಕನಿಗೆ ಕಂಡದ್ದು 260. ಅವನು ಕಾರ್ಖಾನೆಗೆ ಹಾಕುವ ಆರ್ಡರ್ 740. ಮುಂದಿನ ವಾರ ಅಂಗಡಿ 110 ಕೇಳುತ್ತದೆ, ಸಗಟು ವ್ಯಾಪಾರಿ ಬರೀ 20, ವಿತರಕ ಸೊನ್ನೆ. ಕಾರ್ಖಾನೆಯವನಿಗೆ ಒಂದು ವಾರ ಹಬ್ಬ, ಮರುವಾರ ಉಪವಾಸ. ಮೂಲದಲ್ಲಿ ಆದ ಬದಲಾವಣೆ ಹತ್ತೇ ಹತ್ತು. ಬಾರುಕೋಲಿನ ಹಿಡಿ ಒಂದಿಷ್ಟು ಅಲುಗಿದರೆ ತುದಿ ಗಾಳಿ ಸೀಳುತ್ತದಲ್ಲ, ಅದಕ್ಕೇ ಇದಕ್ಕೆ ಬುಲ್‌ವಿಪ್ ಎಂಬ ಹೆಸರು. ಮಕ್ಕಳ ಡಯಾಪರ್ ಮಾರಾಟ ಅಂಗಡಿಗಳಲ್ಲಿ ಹೆಚ್ಚು ಕಡಿಮೆ ಸಮನಾಗಿದ್ದರೂ ವಿತರಕರ ಆರ್ಡರ್ ಕುಣಿಯುವುದನ್ನು ಕಂಡು ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯವರು ಇಟ್ಟ ಹೆಸರು ಅದು. ಮಕ್ಕಳೇನೂ ತಿಂಗಳ ಕೊನೆಗೆ ಹೆಚ್ಚು ಒದ್ದೆ ಮಾಡಿಕೊಳ್ಳುವುದಿಲ್ಲ.

ಇಲ್ಲಿ ನಿಯಮದ ಒಂದು ಸಂಖ್ಯೆ ತಿದ್ದಿ ನೋಡಿ. ಕಳೆದ ಒಂದು ವಾರದ ಬದಲು ಕಳೆದ ಹತ್ತು ವಾರದ ಸರಾಸರಿಯ ಮೂರು ಪಟ್ಟು ಎನ್ನಿ. ಅಂಗಡಿಯ ಆರ್ಡರ್ 113, ಸಗಟು ವ್ಯಾಪಾರಿಯದು 117, ವಿತರಕನದು 122. ಅದೇ ಸರಪಳಿ, ಅದೇ ಜನ, ಅದೇ ಲೀಡ್ ಟೈಮ್ (ಆರ್ಡರ್ ಹಾಕಿ ಸರಕು ಬರುವವರೆಗಿನ ಕಾಲ). 740 ಇದ್ದದ್ದು 122 ಆಯಿತು. ಅಂಗಡಿಯ ಬಿಲ್ಲಿನ ಲೆಕ್ಕವೇ ನೇರವಾಗಿ ಕಾರ್ಖಾನೆಗೆ ಕಾಣುವಂತಿದ್ದರೆ ಇದೂ ಇಳಿಯುತ್ತದೆ. ಚುರುಕಾಗಿ ಪ್ರತಿಕ್ರಿಯಿಸುವ ಪ್ಲಾನರ್‌ನನ್ನು ಕಂಪನಿಗಳು ಹೊಗಳುತ್ತವೆ, ವಾರಕ್ಕೊಮ್ಮೆ ಇದ್ದ ಮುನ್ನಂದಾಜನ್ನು ದಿನಕ್ಕೊಮ್ಮೆ ತಿದ್ದುವ ಸಾಫ್ಟ್‌ವೇರ್ ಕೊಳ್ಳುತ್ತವೆ. ನಾಲ್ಕು ವಾರದ ವಿಳಂಬ ಇರುವ ಕಡೆ ದಿನದಿನದ ಚುರುಕು ರೋಗವನ್ನು ಬೆಳೆಸುತ್ತದೆ. ಹಾಗೆಂದು ಸರಾಸರಿಯನ್ನು ಐವತ್ತು ವಾರಕ್ಕೆ ಎಳೆದರೆ ನಿಜವಾದ ಬದಲಾವಣೆ ಬಂದಾಗ ಗೊತ್ತೇ ಆಗುವುದಿಲ್ಲ, ಋತುಮಾನದ ಸರಕಿಗಂತೂ ಅದು ಸಲ್ಲದು. ಲೀಡ್ ಟೈಮಿನ ಎರಡು-ಮೂರು ಪಟ್ಟಿನ ಆಸುಪಾಸಿನಲ್ಲಿ ಹುಡುಕಾಟ ಶುರು ಮಾಡಬಹುದು.

ಬುಲ್‌ವಿಪ್‌ಗೆ ಸ್ಟ್ಯಾನ್‌ಫರ್ಡ್‌ನ ಹಾವ್ ಲೀ ಮತ್ತು ಸಂಗಡಿಗರು 1997ರಲ್ಲಿ ನಾಲ್ಕು ಕಾರಣ ಗುರುತಿಸಿದರು. ಮುನ್ನಂದಾಜನ್ನು ಪದೇ ಪದೇ ತಿದ್ದುವುದು ಮೇಲೆ ಕಂಡದ್ದು. ಆಗಾಗ ಹಾಕದೆ ಕೂಡಿಟ್ಟು ಒಂದೇ ಸಲ ದೊಡ್ಡ ಆರ್ಡರ್ ಹಾಕುವುದು, ರಿಯಾಯಿತಿಗಾಗಿ ಮುಂಚಿತವಾಗಿ ಕೊಂಡಿಡುವುದು ಇವೆರಡು ಎಲ್ಲರಿಗೂ ಗೊತ್ತಿರುವಂಥವು. ತಿಂಗಳ ಕೊನೆಯ ಟಾರ್ಗೆಟ್ ಮುಟ್ಟಲು ಸೇಲ್ಸ್‌ನವರು ರಿಯಾಯಿತಿ ಕೊಟ್ಟು ಸರಕು ತುರುಕುತ್ತಾರೆ, ಮುಂದಿನ ತಿಂಗಳ ಮೊದಲ ಹದಿನೈದು ದಿನ ಆರ್ಡರ್ ಇರುವುದಿಲ್ಲ, ಆಗ ಮತ್ತೆ ರಿಯಾಯಿತಿ. ನಾಲ್ಕನೆಯದು ಹೆಚ್ಚು ಕುತೂಹಲದ್ದು. ಕೊರತೆ ಇದೆ ಎಂದು ಗೊತ್ತಾದ ಕೂಡಲೇ ಜನ ಆಟ ಕಟ್ಟುತ್ತಾರೆ.

ತಯಾರಕ ತನ್ನಲ್ಲಿರುವ ಅಷ್ಟಿಷ್ಟನ್ನು, ಕೇಳಿದ್ದರಲ್ಲಿ ಅರ್ಧ ಎಂಬ ಅನುಪಾತದಲ್ಲಿ ಹಂಚುತ್ತಾನೆ ಎನ್ನಿ. 100 ಬೇಕಾದವನು 200 ಕೇಳುತ್ತಾನೆ, ಇದು ಕಳ್ಳತನವೂ ಅಲ್ಲ, ಮೂರ್ಖತನವೂ ಅಲ್ಲ. ಎಲ್ಲರೂ ಹೀಗೆ ಮಾಡಿದಾಗ ತಯಾರಕನಿಗೆ ಬೇಡಿಕೆ ಎರಡು ಪಟ್ಟಾದಂತೆ ಕಾಣುತ್ತದೆ. ಅವನು ತನ್ನ ಬಿಡಿಭಾಗಗಳಿಗೆ ದೊಡ್ಡ ಆರ್ಡರ್ ಹಾಕುತ್ತಾನೆ. ಕೊರತೆ ನೀಗಿದ ದಿನ ಆ ಭೂತ ಆರ್ಡರ್‌ಗಳೆಲ್ಲ ಒಟ್ಟಿಗೆ ರದ್ದಾಗುತ್ತವೆ. ನೆಟ್‌ವರ್ಕ್ ಉಪಕರಣಗಳ ಸಿಸ್ಕೋ ಕಂಪನಿ 2001ರಲ್ಲಿ ಸುಮಾರು 225 ಕೋಟಿ ಡಾಲರ್ ದಾಸ್ತಾನನ್ನು ನಷ್ಟವೆಂದು ಬರೆದುಹಾಕಬೇಕಾಯಿತು. ಮಾರುಕಟ್ಟೆ ಕುಸಿದದ್ದು ನಿಜ. ಆದರೆ ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಒಂದೇ ಅಗತ್ಯಕ್ಕೆ ಎರಡು ಮೂರು ಕಡೆ ಹಾಕಿದ ಆರ್ಡರ್‌ಗಳು ಬೇಡಿಕೆಯನ್ನು ಉಬ್ಬಿಸಿದ್ದವು, ಬಿಡಿಭಾಗಗಳಿಗೆ ದೀರ್ಘಕಾಲದ ಒಪ್ಪಂದ ಮಾಡಿಕೊಂಡಾಗಿತ್ತು. ಇದಕ್ಕೆ ಮದ್ದು ಹಂಚಿಕೆಯ ನಿಯಮದಲ್ಲಿದೆ: ಈಗ ಕೇಳಿದ್ದನ್ನು ನೋಡದೆ, ಕೊರತೆ ಶುರುವಾಗುವ ಮುಂಚಿನ ಆರು ತಿಂಗಳಲ್ಲಿ ನಿಜವಾಗಿ ಒಯ್ದದ್ದರ ಮೇಲೆ ಹಂಚಬೇಕು. ಹೆಚ್ಚು ಕೇಳಿ ಪ್ರಯೋಜನವಿಲ್ಲ ಎಂದಾದರೆ ಯಾರೂ ಕೇಳುವುದಿಲ್ಲ.

ಲೀಡ್ ಟೈಮ್ ಎಂಬುದನ್ನು ಪ್ಲಾನಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಸಂಖ್ಯೆಯಾಗಿ ತುಂಬುತ್ತೇವೆ, 21 ದಿನ, 45 ದಿನ, ಏನೋ ಒಂದು. ಒಮ್ಮೆ ತುಂಬಿದ ಮೇಲೆ ಅದು ಶಿಲಾಶಾಸನ. ವಾಸ್ತವದಲ್ಲಿ ಲೀಡ್ ಟೈಮ್ ಒಂದು ಫಲಿತಾಂಶ. ಸಾಲಿನಲ್ಲಿ ಎಷ್ಟು ಕೆಲಸ ಕಾದಿದೆ ಎಂಬುದರ ಫಲಿತಾಂಶ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿದ ಸೂತ್ರ ಇದನ್ನು ಮೂರೇ ಪದದಲ್ಲಿ ಹಿಡಿಯುತ್ತದೆ: ಒಳಗಿರುವ ಸರಕು = ಹರಿವಿನ ವೇಗ × ಒಳಗೆ ಕಳೆಯುವ ಕಾಲ. ದಿನಕ್ಕೆ 50 ಹೊರಡುವ ಸರಕು ಹಡಗಿನಲ್ಲಿ 30 ದಿನ ಇದ್ದರೆ ಸಮುದ್ರದ ಮೇಲೆ ಸದಾ 1500 ತೇಲುತ್ತಿರುತ್ತವೆ. ಕಾರ್ಖಾನೆಯ ಒಳಗೂ ಇದೇ ಲೆಕ್ಕ.

ಯಂತ್ರವನ್ನು ಪೂರ್ತಿ ದುಡಿಸಬೇಕೆಂಬ ಹಟ ಇಲ್ಲಿ ಕಾಲಿಗೆ ತೊಡರುತ್ತದೆ. ಕೆಲಸಗಳು ಅನಿಯಮಿತವಾಗಿ ಬರುವ, ಒಂದೊಂದಕ್ಕೆ ಒಂದೊಂದು ಹೊತ್ತು ಹಿಡಿಯುವ ಒಂಟಿ ಯಂತ್ರದ ಮುಂದೆ, ಅತ್ಯಂತ ಸರಳ ಕ್ಯೂ ಸೂತ್ರದ ಪ್ರಕಾರ, ಯಂತ್ರ 80% ಹೊತ್ತು ದುಡಿಯುತ್ತಿದ್ದರೆ ಒಂದು ಕೆಲಸ ಕಾಯುವ ಕಾಲ ಅದನ್ನು ಮಾಡುವ ಕಾಲದ 4 ಪಟ್ಟು. 90% ಆದರೆ 9 ಪಟ್ಟು. 95% ಆದರೆ 19 ಪಟ್ಟು. ಕೊನೆಯ ಐದು ಶೇಕಡಾ ದುಡಿಮೆಗೆ ಕಾಯುವಿಕೆ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಈಗ ಸುತ್ತು ಶುರು. ಸರಕು ತಡವಾಗುತ್ತಿದೆ ಎಂದು ಪ್ಲಾನರ್ ಸಾಫ್ಟ್‌ವೇರ್‌ನಲ್ಲಿ ಲೀಡ್ ಟೈಮನ್ನು 21 ಇದ್ದದ್ದು 30 ಮಾಡುತ್ತಾನೆ. ಮರುಗಳಿಗೆಯಲ್ಲೇ ಮುಂದಿನ ಒಂಬತ್ತು ದಿನದ ಆರ್ಡರ್‌ಗಳೂ ಇವತ್ತೇ ಹೊರಡುತ್ತವೆ. ಸಾಲು ಉದ್ದವಾಗುತ್ತದೆ, ನಿಜವಾದ ಲೀಡ್ ಟೈಮ್ 35 ಆಗುತ್ತದೆ, ಪ್ಲಾನರ್ ಅದನ್ನು 40 ಮಾಡುತ್ತಾನೆ. ತಡವಾದೀತೆಂಬ ಭಯವೇ ತಡವನ್ನು ತಂದುಕೊಡುತ್ತದೆ.

ಇದರ ಮೇಲೆ "ಅರ್ಜೆಂಟ್" ಎಂಬ ಕೆಂಪು ಚೀಟಿ. ಅರ್ಜೆಂಟ್ ಕೆಲಸ ನುಗ್ಗಿದಾಗ ಯಂತ್ರದ ಸೆಟಪ್ ಒಡೆಯುತ್ತದೆ, ಅರ್ಧ ಗಂಟೆಯೋ ಒಂದು ಗಂಟೆಯೋ ಸಾಮರ್ಥ್ಯ ಸುಮ್ಮನೆ ಹೋಗುತ್ತದೆ, ಸಾಲಿನಲ್ಲಿದ್ದ ಉಳಿದ ಕೆಲಸಗಳು ಹಿಂದೆ ಬೀಳುತ್ತವೆ, ಹಿಂದೆ ಬಿದ್ದವು ಮುಂದಿನ ವಾರದ ಅರ್ಜೆಂಟ್ ಆಗುತ್ತವೆ. ಪಟ್ಟಿ ಹನುಮಂತನ ಬಾಲವಾಗುತ್ತದೆ. ಎಲ್ಲವೂ ಅರ್ಜೆಂಟ್ ಆದ ಕಾರ್ಖಾನೆಯಲ್ಲಿ "ಅತಿ ಅರ್ಜೆಂಟ್" ಎಂಬ ಇನ್ನೊಂದು ಬಣ್ಣದ ಚೀಟಿ ಹುಟ್ಟುತ್ತದೆ. ಇದನ್ನು ನಿಭಾಯಿಸುವವರು ನಿಜವಾಗಿಯೂ ಜಾಣರು, ಫೋನಿನಲ್ಲೇ ಬೆಟ್ಟ ಸರಿಸಬಲ್ಲವರು, ಅವರಿಗೇ ಬಡ್ತಿ ಸಿಗುವುದು. ಬೆಂಕಿ ಏಳದಂತೆ ನೋಡಿಕೊಂಡವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಸುತ್ತನ್ನು ಕತ್ತರಿಸಲು ಎರಡು ಸಾಮಾನ್ಯ ನಿಯಮ ಸಾಕಾಗುತ್ತವೆ: ಯಾವ ದಿನವೂ ಸಾಮರ್ಥ್ಯದ ಇಷ್ಟು ಪಾಲಿಗಿಂತ ಹೆಚ್ಚು ಅರ್ಜೆಂಟ್ ಇರಕೂಡದು ಎಂಬ ಮಿತಿ, ಮತ್ತು ಒಂದು ಕೆಲಸ ಹೊರಹೋಗುವವರೆಗೆ ಇನ್ನೊಂದು ಒಳಬರಕೂಡದು ಎಂಬ ಮಿತಿ. ಎರಡನೆಯದು ಮೊದಲ ತಿಂಗಳು ಭಯ ಹುಟ್ಟಿಸುತ್ತದೆ, ಕೆಲವು ಯಂತ್ರಗಳು ಸುಮ್ಮನೆ ನಿಂತಿರುವುದು ಕಾಣುವುದರಿಂದ.

ಏರುಪೇರಿಗೆಂದು ಹೆಚ್ಚುವರಿಯಾಗಿ ಇಡುವ ಸುರಕ್ಷಾ ದಾಸ್ತಾನಿನ ಲೆಕ್ಕವನ್ನೂ ಒಮ್ಮೆ ಬಿಚ್ಚಿ ನೋಡಬೇಕು, ಏಕೆಂದರೆ ಅಲ್ಲಿ ಅಂತಃಪ್ರಜ್ಞೆ ಎಡವುತ್ತದೆ. ದಿನಕ್ಕೆ ಸರಾಸರಿ 50 ಮಾರಾಟ, ಅದರ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯ ಸುತ್ತಲಿನ ಏರುಪೇರಿನ ಅಳತೆ, 15. ಲೀಡ್ ಟೈಮ್ 16 ದಿನ, ಒಂದು ದಿನವೂ ತಪ್ಪುವುದಿಲ್ಲ. 95% ಭರವಸೆಗೆ ಬೇಕಾದ ಸುರಕ್ಷಾ ದಾಸ್ತಾನು 1.65 × 15 × 4, ಅಂದರೆ 99 (1.65 ಎಂಬುದು 95%ಕ್ಕೆ ಹೊಂದುವ ಅಂಕ, 4 ಎಂಬುದು 16ರ ವರ್ಗಮೂಲ). ಈಗ ಅದೇ 16 ದಿನ ಕೆಲವೊಮ್ಮೆ 13, ಕೆಲವೊಮ್ಮೆ 20 ಆಗುತ್ತದೆ, ಅದರ ಡೀವಿಯೇಷನ್ 3 ದಿನ ಎನ್ನಿ. 15, 50, 3ರ ವರ್ಗಗಳನ್ನು ಹಿಡಿದು, 16 × 225ಕ್ಕೆ 2500 × 9 ಕೂಡಿಸಿ ವರ್ಗಮೂಲ ತೆಗೆದು 1.65ರಿಂದ ಗುಣಿಸಿದರೆ 267. ಈ ಸ್ಥಿತಿಯಲ್ಲಿ ಪರ್ಚೇಸ್‌ನವರು ಸಪ್ಲೈಯರ್ ಜೊತೆ ಜಗಳಾಡಿ ಲೀಡ್ ಟೈಮನ್ನು ಅರ್ಧಕ್ಕೆ, 8 ದಿನಕ್ಕೆ ಇಳಿಸಿದರು, ಆದರೆ 3 ದಿನದ ಏರುಪೇರು ಹಾಗೇ ಉಳಿಯಿತು: ಸುರಕ್ಷಾ ದಾಸ್ತಾನು 257. ಇಷ್ಟೆಲ್ಲ ಗುದ್ದಾಡಿ ಉಳಿದದ್ದು ಹತ್ತು. ಅದರ ಬದಲು 16 ದಿನವನ್ನು ಹಾಗೇ ಬಿಟ್ಟು, ಏರುಪೇರನ್ನು ಮಾತ್ರ ಒಂದೂವರೆ ದಿನಕ್ಕೆ ತಂದಿದ್ದರೆ 158. ಲೀಡ್ ಟೈಮ್ ಇಳಿಸಿದ್ದು ದಂಡವಲ್ಲ, ದಾರಿಯಲ್ಲಿದ್ದ 800 ಈಗ 400 ಆಗಿದೆ, ಮುನ್ನಂದಾಜೂ ಹತ್ತಿರದ್ದಾಗಿದೆ. ಆದರೆ ಗೋದಾಮಿನ ಜಾಗ ತುಂಬಿರುವುದು ನಿಧಾನದಿಂದಲ್ಲ, ಮಾತು ತಪ್ಪುವುದರಿಂದ. ಸಪ್ಲೈಯರ್ ಜೊತೆಗಿನ ಒಪ್ಪಂದದಲ್ಲಿ "ಬೇಗ" ಎಂಬುದಕ್ಕೆ ದಂಡ-ಬಹುಮಾನ ಇರುತ್ತದೆ, "ಹೇಳಿದ ದಿನ" ಎಂಬುದಕ್ಕೆ ಇರುವುದು ಅಪರೂಪ.

ವಿಭಾಗಗಳಿಗೆ ಕೊಡುವ ಟಾರ್ಗೆಟ್‌ಗಳು ಇದೇ ಜಾತಿಯವು. ಪರ್ಚೇಸ್‌ಗೆ ಬಿಡಿ ಬೆಲೆ, ಸಾಗಣೆಗೆ ಲಾರಿ ತುಂಬಿತೇ ಎಂಬುದು, ಉತ್ಪಾದನೆಗೆ ಯಂತ್ರದ ದುಡಿಮೆ, ಗೋದಾಮಿಗೆ ದಾಸ್ತಾನಿನ ಮಟ್ಟ. ಒಂದು ವರ್ಷಕ್ಕೆ ಸಾಲುವಷ್ಟನ್ನು ಒಂದೇ ಸಲ ಕೊಂಡರೆ 3% ರಿಯಾಯಿತಿ ಎಂದರೆ ಪರ್ಚೇಸ್ ಮ್ಯಾನೇಜರ್ ಕೈ ಕುಲುಕಿಯೇ ಬಿಡುತ್ತಾನೆ. ತಿಂಗಳಿಗೊಮ್ಮೆ ಕೊಂಡಾಗ ಸರಾಸರಿ ದಾಸ್ತಾನು ಅರ್ಧ ತಿಂಗಳದ್ದು, ವರ್ಷಕ್ಕೊಮ್ಮೆ ಕೊಂಡಾಗ ಆರು ತಿಂಗಳದ್ದು. ಹೆಚ್ಚುವರಿ ಐದೂವರೆ ತಿಂಗಳ ಸರಕನ್ನು ಇಟ್ಟುಕೊಳ್ಳುವ ಖರ್ಚು, ಬಡ್ಡಿ, ಜಾಗ, ಹಾಳಾಗುವಿಕೆ ಎಲ್ಲ ಸೇರಿ ವರ್ಷಕ್ಕೆ 20% ಎಂದು ಹಿಡಿದರೂ, ವರ್ಷದ ಖರೀದಿಯ 9%ಕ್ಕೂ ಹೆಚ್ಚು. ಮೂರು ಉಳಿಸಿ ಒಂಬತ್ತು ಕಳೆದರು. ಉಳಿದದ್ದು ಒಬ್ಬರ ರಿಪೋರ್ಟಿನಲ್ಲಿ, ಕಳೆದದ್ದು ಇನ್ನೊಬ್ಬರ ರಿಪೋರ್ಟಿನಲ್ಲಿ.

ಇದುವರೆಗಿನ ಮಾತೆಲ್ಲ ಸರಪಳಿಯದು. ವಾಸ್ತವದಲ್ಲಿ ಅದು ಬಲೆ, ಮತ್ತು ಬಲೆಯ ಕೆಲವು ಗಂಟುಗಳು ಮುರಿಯುವವರೆಗೆ ಕಾಣುವುದಿಲ್ಲ. 1997ರ ಫೆಬ್ರವರಿ 1ರಂದು ಜಪಾನಿನ ಐಸಿನ್ ಕಂಪನಿಯ ಕಾರ್ಖಾನೆಯೊಂದಕ್ಕೆ ಬೆಂಕಿ ಬಿತ್ತು. ಟೊಯೋಟಾ ಕಾರುಗಳ ಬ್ರೇಕಿಗೆ ಬೇಕಾದ ಪುಟ್ಟದೊಂದು ವಾಲ್ವ್ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು, ಕೈಯಲ್ಲಿದ್ದ ದಾಸ್ತಾನು ಗಂಟೆಗಳ ಲೆಕ್ಕದ್ದು. ಕಾರ್ಖಾನೆಗಳು ನಿಂತವು. ಆದರೆ ಹತ್ತಾರು ಕಂಪನಿಗಳು, ಅದುವರೆಗೆ ಆ ವಾಲ್ವನ್ನು ಮಾಡಿಯೇ ಇರದವರೂ ಸೇರಿ, ನಕ್ಷೆ ಹಂಚಿಕೊಂಡು ತಂತಮ್ಮ ಯಂತ್ರಗಳಲ್ಲಿ ಅದನ್ನು ಕೊರೆದುಕೊಟ್ಟರು. ಒಂದು ವಾರದ ಆಸುಪಾಸಿನಲ್ಲಿ ಉತ್ಪಾದನೆ ಮರಳಿತು. ದಾಸ್ತಾನಿನಲ್ಲಿ ಇಲ್ಲದ ತಾಳಿಕೆ ಸಂಬಂಧಗಳಲ್ಲಿ ಇತ್ತು.

2000ದ ಮಾರ್ಚ್ 17ರಂದು ನ್ಯೂ ಮೆಕ್ಸಿಕೋದ ಅಲ್ಬುಕರ್ಕಿಯ ಫಿಲಿಪ್ಸ್ ಚಿಪ್ ಕಾರ್ಖಾನೆಗೆ ಸಿಡಿಲಿನಿಂದ ಬೆಂಕಿ ಹತ್ತಿತು. ನಿಮಿಷಗಳಲ್ಲಿ ಆರಿತು, ಆದರೆ ಹೊಗೆ ಮತ್ತು ನೀರು ಕ್ಲೀನ್ ರೂಮುಗಳನ್ನು ಕೆಡಿಸಿದ್ದವು. ಸುದ್ದಿ ಅಲ್ಲಿಂದ ಚಿಪ್ ಕೊಳ್ಳುತ್ತಿದ್ದ ಮೊಬೈಲ್ ಫೋನ್ ಕಂಪನಿಗಳಾದ ನೋಕಿಯಾಕ್ಕೂ ಎರಿಕ್ಸನ್‌ಗೂ ಮುಟ್ಟಿತು. ನೋಕಿಯಾ ಬರಬೇಕಾದ ಚಿಪ್‌ಗಳ ಲೆಕ್ಕವನ್ನು ದಿನದಿನವೂ ಕೇಳತೊಡಗಿತು, ಬೇರೆ ಕಾರ್ಖಾನೆಗಳಲ್ಲಿ ಸಾಮರ್ಥ್ಯ ಹಿಡಿಯಿತು. ಎರಿಕ್ಸನ್ ಮೇಲಿನವರಿಗೆ ವಿಷಯದ ಗಾತ್ರ ಅರ್ಥವಾಗುವ ಹೊತ್ತಿಗೆ ಬೇರೆಡೆ ಜಾಗ ಉಳಿದಿರಲಿಲ್ಲ. ಪರ್ಯಾಯ ಸಪ್ಲೈಯರ್ ಇರಲಿಲ್ಲ. ಬೆಂಕಿ ಇಬ್ಬರಿಗೂ ಒಂದೇ, ಮಾಹಿತಿ ತೀರ್ಮಾನವಾಗಲು ಹಿಡಿದ ದಿನಗಳು ಬೇರೆ. ಮುಂದಿನ ವರ್ಷ ಎರಿಕ್ಸನ್ ಫೋನ್ ವ್ಯವಹಾರವನ್ನು ಸೋನಿಯೊಂದಿಗಿನ ಜಂಟಿ ಕಂಪನಿಗೆ ಒಪ್ಪಿಸಿತು.

ಇಂಥ ಗಂಟುಗಳನ್ನು ಮೊದಲೇ ಹುಡುಕಲು ಎಂಐಟಿಯ ಡೇವಿಡ್ ಸಿಮ್ಚಿ-ಲೆವಿ ಫೋರ್ಡ್ ಕಂಪನಿಯೊಂದಿಗೆ ಬಳಸಿದ ವಿಧಾನ ಎರಡು ಸಂಖ್ಯೆಗಳದ್ದು. ಈ ಜಾಗ ನಿಂತುಹೋದರೆ ಮತ್ತೆ ಏಳಲು ಎಷ್ಟು ವಾರ? ಅದಿಲ್ಲದೆ ನಾವು ಎಷ್ಟು ವಾರ ತಾಳಬಲ್ಲೆವು? ಏಳುವ ಕಾಲ ತಾಳುವ ಕಾಲಕ್ಕಿಂತ ಹೆಚ್ಚಿರುವ ಕಡೆಯೆಲ್ಲ ಅಪಾಯ. ಭೂಕಂಪವೋ ಬೆಂಕಿಯೋ ಎಂದು ಕಾರಣಗಳ ಸಂಭವನೀಯತೆ ಊಹಿಸುತ್ತಾ ಕೂರಬೇಕಿಲ್ಲ. ದೊಡ್ಡ ಮೊತ್ತದ ಖರೀದಿಯ ಭಾಗಗಳೇ ದೊಡ್ಡ ಅಪಾಯ ಎಂಬ ಎಣಿಕೆಯೂ ಅಲ್ಲಿ ಸುಳ್ಳಾಯಿತು. ಪುಡಿಗಾಸಿನ ಭಾಗಗಳೇ ಹಲವು ಕಡೆ ಕಾರ್ಖಾನೆ ನಿಲ್ಲಿಸಬಲ್ಲವಾಗಿದ್ದವು. 2011ರ ಮಾರ್ಚ್ 11ರ ಜಪಾನಿನ ಭೂಕಂಪದಲ್ಲಿ ಚಿಪ್ ತಯಾರಿಸುವ ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆ ನಿಂತಾಗ ಕಾರು ತಯಾರಕರಿಗೆ ಇದು ಗೊತ್ತಾಗಿತ್ತು: ಬೇರೆ ಬೇರೆ ಸಪ್ಲೈಯರ್‌ಗಳೆಂದು ನಂಬಿದ್ದವರು ಎರಡು ಮೂರು ಹಂತ ಕೆಳಗೆ ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಅದಾದ ಮೇಲೆ ಟೊಯೋಟಾ ಚಿಪ್‌ಗಳನ್ನು 2ರಿಂದ 6 ತಿಂಗಳಿಗೆ ಆಗುವಷ್ಟು ಇಟ್ಟುಕೊಳ್ಳುವಂತೆ ಸಪ್ಲೈಯರ್‌ಗಳಿಗೆ ಹೇಳಿತು. ಎಷ್ಟು ತಿಂಗಳದ್ದು ಎಂಬುದು ಆರ್ಡರ್ ಹಾಕಿ ಸರಕು ಬರಲು ಹಿಡಿಯುವ ಕಾಲದ ಮೇಲೆ ನಿಂತಿತ್ತು. 2021ರ ಚಿಪ್ ಕೊರತೆಯಲ್ಲಿ ಅದು ಉಳಿದವರಿಗಿಂತ ಹೆಚ್ಚು ಕಾಲ ತಾಳಿತು. ಆ ಸೆಪ್ಟೆಂಬರ್‌ನಲ್ಲಿ ಅದೂ ಜಾಗತಿಕ ಉತ್ಪಾದನೆಯ ಯೋಜನೆಯನ್ನು ಸುಮಾರು 40% ಕಡಿತ ಮಾಡಬೇಕಾಯಿತು. ದಾಸ್ತಾನು ಕೊಳ್ಳುವುದು ಕಾಲವನ್ನು, ಪಾರಾಗುವಿಕೆಯನ್ನಲ್ಲ.

ಕೆಲಸಕ್ಕೆ ಇಳಿಯುವವರು ಇಡೀ ಸರಪಳಿಯನ್ನು ಒಮ್ಮೆಲೇ ಬರೆಯಲು ಹೊರಡಬಾರದು. ಗೋಡೆ ತುಂಬ ನಕ್ಷೆ ಆಗುತ್ತದೆ, ಮೂರು ತಿಂಗಳಾದ ಮೇಲೆ ಅದನ್ನು ಯಾರೂ ನೋಡುವುದಿಲ್ಲ. ತೊಂದರೆ ಕೊಡುವ ಒಂದೇ ವಸ್ತು ಹಿಡಿದು, ಗ್ರಾಹಕನ ಕಡೆಯಿಂದ ಹಿಂದಕ್ಕೆ ನಡೆಯಬೇಕು. ಸರಕು ನಿಲ್ಲುವ ಪ್ರತಿ ಜಾಗಕ್ಕೆ ಒಂದು ಚೌಕ. ಲಾರಿಯೂ ಹಡಗೂ ತಪಾಸಣೆಗೆ ಕಾದಿರುವ ಮೂಲೆಯೂ ಚೌಕವೇ. ಚೌಕಗಳ ನಡುವೆ ತೀರ್ಮಾನ ಮಾಡುವವರನ್ನು ಹುಡುಕಿ ಕೇಳಬೇಕು: ಯಾವ ಸಂಖ್ಯೆ ನೋಡಿ ಆರ್ಡರ್ ಹಾಕುತ್ತೀರಿ, ಆ ಸಂಖ್ಯೆ ಎಷ್ಟು ದಿನ ಹಳೆಯದು, ನೀವು ಮಾಡಿದ್ದರ ಫಲ ನಿಮಗೆ ಎಷ್ಟು ದಿನಕ್ಕೆ ಕಾಣುತ್ತದೆ. ಪ್ರೊಸೀಜರ್ ಪುಸ್ತಕದಲ್ಲಿ ಬರೆದಿರುವುದನ್ನು ಕೇಳಬೇಡಿ. ಸಾಫ್ಟ್‌ವೇರ್ 120 ಎಂದಾಗ ಪ್ಲಾನರ್ "ಅವನು ಹೇಗೂ ಕಡಿಮೆ ಕಳಿಸುತ್ತಾನೆ" ಎಂದು ಕೈಯಿಂದ 150 ಬರೆಯುತ್ತಾನಲ್ಲ, ಆ ಕೈಬರಹವೇ ನಿಜವಾದ ನಿಯಮ.

ಆಮೇಲೆ 52 ವಾರದ ಎರಡು ಸಾಲು ಸಂಖ್ಯೆ: ಆ ಚೌಕಕ್ಕೆ ಬಂದ ಬೇಡಿಕೆ, ಆ ಚೌಕ ಹಾಕಿದ ಆರ್ಡರ್. ಎರಡನೆಯದರ ವೇರಿಯನ್ಸನ್ನು (ಸ್ಟ್ಯಾಂಡರ್ಡ್ ಡೀವಿಯೇಷನ್ ಸಂಖ್ಯೆಯ ವರ್ಗ) ಮೊದಲನೆಯದರ ವೇರಿಯನ್ಸಿನಿಂದ ಭಾಗಿಸಿ. ಒಂದರ ಸುತ್ತಮುತ್ತ ಇದ್ದರೆ ಆ ಚೌಕ ಅಲೆಯನ್ನು ಬೆಳೆಸುತ್ತಿಲ್ಲ. ಮೂರು, ನಾಲ್ಕು ಬಂದರೆ ರೋಗದ ಜಾಗ ಸಿಕ್ಕಿತು. ತಿಂಗಳ ಮೊತ್ತಗಳಲ್ಲಿ ಈ ಲೆಕ್ಕ ಮಾಡಿದರೆ ಅಲೆ ಮುಚ್ಚಿಹೋಗುತ್ತದೆ, ವಾರದ್ದೇ ಬೇಕು. ಅಲ್ಲಿಗೆ ಸ್ಪ್ರೆಡ್‌ಶೀಟಿನಲ್ಲಿ ಒಂದು ಪುಟ್ಟ ಮಾದರಿ ಕಟ್ಟಿ: ಆರ್ಡರ್ = ಸರಾಸರಿ ಬೇಡಿಕೆ + ದಾಸ್ತಾನಿನ ಕೊರತೆಯ ಒಂದು ಪಾಲು + ದಾರಿಯಲ್ಲಿ ಇರಬೇಕಾದದ್ದರ ಕೊರತೆಯ ಅಷ್ಟೇ ಪಾಲು. ಆ ಪಾಲನ್ನು ಒಂದು, ಅರ್ಧ, ಕಾಲು ಎಂದು ಬದಲಿಸಿ ನೋಡಿ. ಕಾಲು ಎಂದರೆ 60ರ ಕೊರತೆಗೆ ಈ ವಾರ 15 ಮಾತ್ರ. ಕೊರತೆ ನಿಧಾನಕ್ಕೆ ತುಂಬುತ್ತದೆ, ಹಿಂದಿನವನ ಕಾರ್ಖಾನೆ ನಿದ್ದೆಗೆಡುವುದಿಲ್ಲ.

ಬದಲಿಸುವಾಗ ಒಂದು ಸಲಕ್ಕೆ ಒಂದೇ ನಿಯಮ. ಫಲ ಬಂತೋ ಇಲ್ಲವೋ ಎಂದು ಹೇಳಲು ಒಟ್ಟು ವಿಳಂಬದ ಎರಡು ಪಟ್ಟಾದರೂ ಕಾಯಬೇಕು. ಆರ್ಡರ್‌ನಿಂದ ಶೆಲ್ಫಿನವರೆಗೆ 8 ವಾರ ಹಿಡಿಯುವಲ್ಲಿ ಅದು 16 ವಾರ. ತಿಂಗಳ ರಿವ್ಯೂ ಮೀಟಿಂಗ್ ಅಷ್ಟರೊಳಗೆ ಮೂರು ಸಲ ಬಂದುಹೋಗಿರುತ್ತದೆ. ಮೊದಲ ಮೀಟಿಂಗಿನಲ್ಲಿ ಏನೂ ಬದಲಾಗಿರುವುದಿಲ್ಲ, ಏಕೆಂದರೆ ಶೆಲ್ಫಿಗೆ ಬರುತ್ತಿರುವುದು ಹಳೆಯ ನಿಯಮದಲ್ಲಿ ಹಾಕಿದ ಆರ್ಡರ್. ಎರಡನೆಯದರಲ್ಲಿ ಕೆಲವೊಮ್ಮೆ ಸ್ಥಿತಿ ಮೊದಲಿಗಿಂತ ಕೆಟ್ಟದ್ದಾಗಿ ಕಾಣುತ್ತದೆ, ಹಳೆಯ ಅಲೆಯ ಬಾಲ ಆಗ ಬಂದಿಳಿಯುತ್ತದೆ. ಯಾರೋ ಒಬ್ಬರು ನಿಯಮವನ್ನು ತಿರುಗಿ ಮೊದಲಿನಂತೆ ಮಾಡೋಣ ಎನ್ನುವುದು ಅಲ್ಲೇ. ಅದಕ್ಕಾಗಿ ಶುರುವಿನ ದಿನವೇ, ಮುಂದಿನ ಎಂಟು ವಾರದಲ್ಲಿ ಯಾವ ವಾರ ಎಷ್ಟು ಬಂದಿಳಿಯಲಿದೆ ಎಂಬುದನ್ನು ದಾರಿಯಲ್ಲಿರುವ ಆರ್ಡರ್‌ಗಳಿಂದ ಲೆಕ್ಕ ಹಾಕಿ, ಪ್ರಿಂಟ್ ತೆಗೆದು, ದಿನಾಂಕ ಹಾಕಿ, ಮೀಟಿಂಗ್ ರೂಮಿನ ಗೋಡೆಗೆ ಅಂಟಿಸಿ.